ಡಿಸ್ಕಿನ ನಂಬರು: ಪ್ಲೇಟೋ, ಟೋಕನ್ನೋ?

ಮಂಕಿಯ ಹೆದ್ದಾರಿಯಲ್ಲಿ ಓಡಾಡುವ ಗಾಡಿಗಳ ಮೇಲೆ ‘ಕೆಎ 47’ ನೋಡಿಯೇ ಇರುತ್ತೀರಿ. ಅದು ಹೊನ್ನಾವರ ಸಾರಿಗೆ ಕಚೇರಿಯ ಗುರುತು. ಅಲ್ಲಿ ನೋಂದಣಿಯಾದ ಗಾಡಿಗಳಲ್ಲಿ ಇದು ಯಾವುದು ಎಂಬುದನ್ನು ಮುಂದಿನ ಅಕ್ಷರ, ಅಂಕೆಗಳು ಹೇಳುತ್ತವೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕೂಡ ಡಿಸ್ಕ್, ಟರ್ಮಿನಲ್ ಮುಂತಾದ ಸಾಧನಗಳಿಗೆ ಹೀಗೆಯೇ ಎರಡು ಭಾಗದ ಸಂಖ್ಯೆ ಕೊಡುತ್ತದೆ. ಮೊದಲನೆಯದು ಮೇಜರ್ ನಂಬರ್: ಈ ಸಾಧನವನ್ನು ನಡೆಸುವ ಡ್ರೈವರ್ ಯಾವುದು ಎಂದು ತಿಳಿಸುತ್ತದೆ. ಎರಡನೆಯದು ಮೈನರ್ ನಂಬರ್: ಆ ಡ್ರೈವರ್‌ನ ಕೈಕೆಳಗಿರುವ ಸಾಧನಗಳಲ್ಲಿ ಇದು ಯಾವುದು ಎಂದು.

ಲಿನಕ್ಸ್‌ನಲ್ಲಿ ಸಾಧನಗಳು ‘ಡೆವ್’ ಎಂಬ ಫೋಲ್ಡರಿನಲ್ಲಿ ಫೈಲುಗಳಂತೆ ಕಾಣುತ್ತವೆ. ‘ಎಸ್‌ಡಿಎ’ ಎಂಬ ಮೊದಲ ಡಿಸ್ಕಿನ ವಿವರ ಕೇಳಿದರೆ, ಫೈಲಿನ ಗಾತ್ರ ಇರಬೇಕಾದ ಜಾಗದಲ್ಲಿ ‘8, 0’ ಎಂದು ಬರುತ್ತದೆ. ಅದರ ಪಾರ್ಟಿಶನ್‌ಗಳಿಗೆ ಮೈನರ್ 1ರಿಂದ 15. ಎರಡನೇ ಡಿಸ್ಕ್ ‘ಎಸ್‌ಡಿಬಿ’ಗೆ ‘8, 16’. ಒಂದೊಂದು ಡಿಸ್ಕಿಗೂ 16 ಸಂಖ್ಯೆ ಮೀಸಲು, ಹಾಗಾಗಿ ಈ ಜಿಗಿತ. ಹಿಂದೆ ಮೇಜರ್, ಮೈನರ್ ಎರಡಕ್ಕೂ ತಲಾ 8 ಬಿಟ್ ಮಾತ್ರ ಇತ್ತು. ಒಂದು ಮೇಜರ್‌ನಡಿ 256 ಮೈನರ್, ಅಂದರೆ 16 ಡಿಸ್ಕ್. 2003ರ ಕೊನೆಗೆ ಬಂದ 2.6 ಕರ್ನಲ್ ಮೇಜರ್‌ಗೆ 12, ಮೈನರ್‌ಗೆ 20 ಬಿಟ್ ಕೊಟ್ಟಿತು. 2ರ ಘಾತ 20 ಎಷ್ಟೆಂದು ಲೆಕ್ಕ ಹಾಕಿ: 10,48,576.

ಆದರೆ ನಂಬರ್ ಪ್ಲೇಟಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಗಾಡಿಯನ್ನು ಎಲ್ಲಿ ನಿಲ್ಲಿಸಿದರೂ ಪ್ಲೇಟ್ ಅದೇ. ಡಿಸ್ಕಿನ ಸಂಖ್ಯೆ ಮಾತ್ರ ರೇಷನ್ ಅಂಗಡಿಯ ಟೋಕನ್ ಇದ್ದ ಹಾಗೆ, ಮೊದಲು ಕಣ್ಣಿಗೆ ಬಿದ್ದವನಿಗೆ ಮೊದಲ ಟೋಕನ್. ಹಳೆಯ ಲ್ಯಾಬ್ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ‘ಎಸ್‌ಡಿಎ’, ಆಮೇಲೆ ಚುಚ್ಚಿದ ಪೆನ್‌ಡ್ರೈವ್ ‘ಎಸ್‌ಡಿಬಿ’. ಈಗಿನ ಅನೇಕ ಲ್ಯಾಪ್‌ಟಾಪ್‌ಗಳ ಎನ್‌ವಿಎಂಇ ಡಿಸ್ಕಿಗೆ ಬೇರೆಯೇ ಡ್ರೈವರ್, ಬೇರೆಯೇ ಹೆಸರು. ಅಲ್ಲಿ ಪೆನ್‌ಡ್ರೈವೇ ‘ಎಸ್‌ಡಿಎ’ ಆಗಬಹುದು.

ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡ ಆದೇಶವನ್ನು ಲ್ಯಾಬಿನಲ್ಲಿ ಹಾಗೆಯೇ ಹೊಡೆದರೆ? ಪೆನ್‌ಡ್ರೈವಿಗೆ ಹೋಗಬೇಕಾದ ಲಿನಕ್ಸ್ ಇಮೇಜ್, ಎಲ್ಲರ ಪ್ರಾಜೆಕ್ಟ್ ಇರುವ ಹಾರ್ಡ್ ಡಿಸ್ಕಿನ ಮೇಲೆ ಬೀಳುತ್ತದೆ. ಅಡ್ಮಿನ್ ಅಧಿಕಾರ ಇದ್ದವರಿಗೆ ‘ಡಿಡಿ’ ಆದೇಶ ‘ಖಚಿತವೇ?’ ಎಂದು ಕೇಳುವುದೂ ಇಲ್ಲ.

ಎಂಟರ್ ಒತ್ತುವ ಮೊದಲು ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆದೇಶ ಕೊಡಿ. ಪ್ರತಿ ಡಿಸ್ಕಿನ ಮೇಜರ್, ಮೈನರ್ ಜೊತೆಗೆ ಗಾತ್ರವೂ ಕಾಣುತ್ತದೆ. 16 ಜಿಬಿಯ ಪೆನ್‌ಡ್ರೈವನ್ನು 500 ಜಿಬಿಯ ಡಿಸ್ಕಿನಿಂದ ಬೇರೆ ಮಾಡಲು ಅಷ್ಟು ಸಾಕು. ಎರಡೂ ಒಂದೇ ಗಾತ್ರದವಾದರೆ ಪೆನ್‌ಡ್ರೈವ್ ಕಿತ್ತು ಮತ್ತೊಮ್ಮೆ ಅದೇ ಆದೇಶ ಕೊಡಿ. ಪಟ್ಟಿಯಿಂದ ಮಾಯವಾದದ್ದೇ ನಿಮ್ಮದು.