ಹದಿನಾರಿನ ಚಳಿಗಾಲದ ಅತಿಥಿಗಳು

ನಂಜನಗೂಡು ತಾಲ್ಲೂಕಿನ ಹದಿನಾರು ಎಂದೊಡನೆ ನೆನಪಾಗುವುದು, 1399ರಲ್ಲಿ ಮೈಸೂರು ಅರಸುಮನೆತನಕ್ಕೆ ಮೂಲಪುರುಷನಾದ ಯದುರಾಯನ ಐತಿಹ್ಯ. ಆ ಊರಿನ ಕೆರೆಗೆ ಚಳಿಗಾಲದಲ್ಲಿ ಬೇರೆಯ ಅತಿಥಿಗಳೂ ಬರುವುದುಂಟು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳನ್ನು ಹೊತ್ತ ಹೆಬ್ಬಾತುಗಳವು. ಮಂಗೋಲಿಯಾ, ಟಿಬೆಟ್ಟುಗಳ ಕಡೆ ಮರಿಮಾಡಿ, ಹಿಮಾಲಯವನ್ನು ದಾಟಿ ಬರುತ್ತವೆ. ಇರುಳು ಗದ್ದೆಗಳಲ್ಲಿ ಮೇದು, ಹಗಲು ನೀರಿನ ಮೇಲೆ ವಿಶ್ರಮಿಸುತ್ತವೆ.

ಏಷ್ಯಾದ ನೀರುಹಕ್ಕಿಗಳ ಗಣತಿ ಆರಂಭವಾದುದು 1987ರಲ್ಲಿ. ಪ್ರತಿ ಜನವರಿಯಲ್ಲಿ ಅದನ್ನು ನಡೆಸುವವರು ಬಹುಮಟ್ಟಿಗೆ ಹವ್ಯಾಸಿಗಳೇ. ಮೈಸೂರು ಸೀಮೆಯಲ್ಲಿ ‘ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್’ ಬಳಗದವರು ಈ ಕೆಲಸಕ್ಕೆ ಹೆಗಲು ಕೊಟ್ಟಿದ್ದಾರೆ. ಹದಿನಾರಿನಿಂದ ತಿರುಮಕೂಡಲು ನರಸೀಪುರದ ಕಡೆಯ ಕೆರೆಗಳವರೆಗೆ ಇಂಥ ನಡಿಗೆಗಳಲ್ಲಿ ನಾನೂ ಏರಿಯ ಮೇಲೆ ನಿಂತು ಎಣಿಸಿದ್ದೇನೆ.

ಎಣಿಕೆ ನೀರಸವೆಂದು ಸಾಹಿತ್ಯಪ್ರಿಯರಿಗೆ ತೋರೀತು. ಒಂದು ವರ್ಷದ ಅಂಕಿ ಬರಿಯ ಅಂಕಿಯೇ ಸರಿ. ಆದರೆ ಹತ್ತು ವರ್ಷಗಳ ಅಂಕಿ ಸಾಕ್ಷ್ಯವಾಗುತ್ತದೆ. ಹೂಳು ತುಂಬಿ, ಒತ್ತುವರಿ ನಡೆದು, ಹಕ್ಕಿಗಳು ಕೆರೆಯನ್ನು ತೊರೆದರೆ, ಅಲ್ಲಿ ಏನಿತ್ತೆಂಬ ಪ್ರಶ್ನೆಗೆ ಮುದುಕರ ನೆನಪು ಸಾಲದು. ಬರೆದಿಟ್ಟ ಪಟ್ಟಿಯೇ ಬೇಕು.

ಉಪಾಧ್ಯಾಯ ಮಿತ್ರರು ಜನವರಿಯ ಒಂದು ಬೆಳಗ್ಗೆ ಮಕ್ಕಳನ್ನು ತಮ್ಮೂರಿನ ಕೆರೆಯೇರಿಗೆ ಕರೆದೊಯ್ಯಲಿ. ದೂರದರ್ಶಕ ಇಲ್ಲದಿದ್ದರೂ ಕಣ್ಣುಗಳಿವೆ. ಎಣಿಸಿದ ಕೆರೆಯನ್ನು ಊರು ಸುಲಭವಾಗಿ ಮರೆಯಲಾರದು.