ಶಿಲುಬೆಯ ಮೇಲೆ ನೊಂದವರು ಯಾರು?

ಶುಭ ಶುಕ್ರವಾರದ ನಡುಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯವರೆಗೆ ದಕ್ಷಿಣ ಭಾರತ ಸಭೆಯ ಚರ್ಚುಗಳಲ್ಲಿ ದೀರ್ಘ ಆರಾಧನೆ ನಡೆಯುತ್ತದೆ. ಯೇಸು ಶಿಲುಬೆಯ ಮೇಲಿಂದ ಆಡಿದನೆನ್ನುವ ಏಳು ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಬೋಧಕರು ಪ್ರಸಂಗ ಮಾಡುತ್ತಾರೆ. ತನ್ನನ್ನು ಕೊಲ್ಲುತ್ತಿರುವವರನ್ನು ಕ್ಷಮಿಸು ಎಂದು ಬೇಡುವುದು ಮೊದಲ ಮಾತು. ಪಕ್ಕದಲ್ಲಿ ತೂಗುತ್ತಿದ್ದ ಅಪರಾಧಿಗೆ ಅಂದೇ ಪರದೈಸಿನಲ್ಲಿ ಜಾಗ ಕೊಡುವುದು ಎರಡನೆಯದು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅದೇ ಬಾಯಿ, ದೇವರು ತನ್ನನ್ನೇಕೆ ಕೈಬಿಟ್ಟ ಎಂದು ಕೂಗುತ್ತದೆ. ಐದನೆಯದರಲ್ಲಿ ಬಾಯಾರಿಕೆ ಎನ್ನುತ್ತದೆ.

ಸ್ವರ್ಗದ ಬಾಗಿಲು ತೆರೆಯಬಲ್ಲವನಿಗೆ ನೀರಡಿಕೆ ಆಗುವುದೆಂತು? ಕ್ರೈಸ್ತ ನಂಬಿಕೆಯ ನಡುಗಂಟು ಇಲ್ಲಿದೆ. ಅದನ್ನು ಬಿಡಿಸಿ ಸರಳ ಮಾಡಲು ಸಭೆ ಒಪ್ಪಲಿಲ್ಲ. ಯೇಸು ದೇವರ ಮೊದಲ, ಅತಿ ಶ್ರೇಷ್ಠ ಸೃಷ್ಟಿ, ಆದರೆ ದೇವರಲ್ಲ ಎಂದು ಅಲೆಕ್ಸಾಂಡ್ರಿಯದ ಆರಿಯಸ್ ವಾದಿಸಿದಾಗ, ಕ್ರಿ.ಶ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್ಪರು ಅದನ್ನು ತಳ್ಳಿಹಾಕಿ, ಮಗನೂ ತಂದೆಯೂ ಒಂದೇ ಸತ್ವದವರು ಎಂದರು. 451ರ ಕಾಲ್ಸಿಡನ್ ಸಭೆ ಇನ್ನೂ ಬಿಗಿಯಾಗಿ ಹೇಳಿತು: ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ, ಎರಡು ಸ್ವಭಾವಗಳು ಒಬ್ಬನಲ್ಲೇ ಇವೆ, ಒಂದರೊಳಗೊಂದು ಕಲಸಿಹೋಗಿಲ್ಲ, ಬೇರೆಬೇರೆಯಾಗಿಯೂ ಇಲ್ಲ.

ಇದು ಪಂಡಿತರ ಹಟವಷ್ಟೇ ಅಲ್ಲ. ರಕ್ಷಣೆಯ ಲೆಕ್ಕ ನಿಂತಿರುವುದೇ ಇದರ ಮೇಲೆ. ದೇವರಲ್ಲದವನಿಗೆ ಪಾಪವನ್ನೂ ಸಾವನ್ನೂ ಗೆಲ್ಲುವ ಶಕ್ತಿಯಿಲ್ಲ. ಮನುಷ್ಯನಾಗದವನು ಮನುಷ್ಯರ ಸಾವನ್ನು ಸಾಯಲಾರ. ಆ ಮರಣ ರಕ್ಷಿಸುವ ಬಗೆ ಹೇಗೆಂಬುದರಲ್ಲಿ ಮಾತ್ರ ಕ್ರೈಸ್ತರಲ್ಲೇ ಹಲವು ವಿವರಣೆಗಳಿವೆ. ಮೃತ್ಯುವಿನ ಮೇಲಿನ ವಿಜಯವೆಂದು ಕೆಲವರು, ಮನುಷ್ಯ ತೀರಿಸಲಾಗದ ಋಣವನ್ನು ದೇವರೇ ತೀರಿಸಿದನೆಂದು ಹನ್ನೊಂದನೆಯ ಶತಮಾನದ ಆನ್ಸೆಲ್ಮ್, ಕಲ್ಲೆದೆಯನ್ನೂ ಕರಗಿಸುವ ಪ್ರೀತಿಯೆಂದು ಆತನ ನಂತರದ ಅಬೆಲಾರ್ಡ್.

ಈ ನಂಬಿಕೆ ಕನ್ನಡದ ಅಚ್ಚಿನಲ್ಲಿ ಮೈತಳೆದದ್ದು ಬಳ್ಳಾರಿಯಲ್ಲಿ. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಿದು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ತಂಬ್ರಹಳ್ಳಿ, ಹಡಗಲಿ, ಕೂಡ್ಲಿಗಿಗಳೂ ತೀರಾ ಈಚಿನವರೆಗೆ ಬಳ್ಳಾರಿಯವೇ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ. ವಿಲಿಯಂ ರೀವ್ ಜತೆಗೂಡಿದ. 1831ಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದರ ಮರುವರ್ಷ ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟೂ ಬಂತು. ತಮಿಳು ಮೂಲದ ಬೋಧಕ ಸ್ಯಾಮ್ಯುಯೆಲ್ ಫ್ಲೇವೆಲ್ 1847ರಲ್ಲಿ ತೀರಿಕೊಳ್ಳುವವರೆಗೂ ಬಳ್ಳಾರಿಯ ಸಭೆಯನ್ನು ನಡೆಸಿದವರಲ್ಲಿ ಒಬ್ಬ. ವಿದೇಶಿ ಮಿಷನರಿಗಳ ಹೆಸರು ಹೇಳುವಾಗ ಇಂಥವರನ್ನು ಮರೆಯುವುದು ಅನ್ಯಾಯ.

ಮೈಲಾರಲಿಂಗನ ಕಾರಣಿಕ ಕೇಳುವ, ಕೊಟ್ಟೂರೇಶ್ವರನ ತೇರು ಎಳೆಯುವ ನಾಡಿಗೆ ದೇವರು ನೆಲಕ್ಕಿಳಿಯುವುದು ಹೊಸ ಸುದ್ದಿಯಲ್ಲ. ಹೊಸದು ಬೇರೆಯೇ. ಅವತಾರಗಳು ಯುಗಯುಗಕ್ಕೂ ಬರುತ್ತವೆ, ದುಷ್ಟರನ್ನು ಕೊಲ್ಲುತ್ತವೆ. ಕ್ರೈಸ್ತರ ಪ್ರಕಾರ ದೇವರು ಮನುಷ್ಯನಾದದ್ದು ಒಂದೇ ಸಲ, ದುಷ್ಟರ ಕೈಯಲ್ಲಿ ತಾನೇ ಸತ್ತ. ಅದು ಎಂದೋ ನಡೆದ ಕಥೆಯಾಗಿ ಉಳಿಯಬಾರದೆಂದೇ ಅವರ ವಿಶ್ವಾಸ ಪ್ರಮಾಣದಲ್ಲಿ ಒಬ್ಬ ಅಧಿಕಾರಿಯ ಹೆಸರು ಸೇರಿದೆ: ಪೊಂತ್ಯ ಪಿಲಾತ, 26ರಿಂದ 36ರವರೆಗೆ ಯೂದಾಯದ ರೋಮನ್ ಅಧಿಪತಿ.

ದೇವರೇ ಮನುಷ್ಯನಾಗಿ ಸತ್ತನೆಂಬ ಈ ಮಾತನ್ನು ಕನ್ನಡದ ಮನಸ್ಸಿಗೆ ಮುಟ್ಟಿಸಲು ಎಲ್ಲರಿಗಿಂತ ಹೆಚ್ಚು ಹೆಣಗಿದವನು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್. 1894ರ ನಿಘಂಟಿನಿಂದ ಆತನನ್ನು ಎಲ್ಲರೂ ಬಲ್ಲರು. 1862ರಲ್ಲೇ ಆತ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ತಂದಿದ್ದ. ಹತ್ತು ವರ್ಷದ ಮೇಲೆ ‘ಯಜ್ಞಸುಧಾನಿಧಿ’ ಬರೆದು, ವೈದಿಕ ಯಜ್ಞದ ಮೂಲ ಆಶಯವನ್ನು ಶೋಧಿಸುತ್ತ ಅದನ್ನು ಕ್ರಿಸ್ತನ ಬಲಿಯ ಕಡೆಗೆ ತಿರುಗಿಸಿದ. ವೈದಿಕರು ಇದನ್ನು ಒಪ್ಪಬೇಕಿಲ್ಲ. ಮತಪ್ರಚಾರದ ಉದ್ದೇಶವೂ ಅಲ್ಲಿ ಅಡಗಿ ಕೂತಿಲ್ಲ. ಆದರೂ ಇನ್ನೊಬ್ಬರ ಶಾಸ್ತ್ರವನ್ನು ಬೈಯುವ ಬದಲು ಓದಿ ವಾದಿಸಿದ್ದು ದೊಡ್ಡ ಗುಣ.

ಕಿಟ್ಟೆಲನಿಗೆ ಯೇಸು ಬಲಿಪಶುವಾದ ದೇವರು. ರಾಷ್ಟ್ರಕವಿ ಮಂಜೇಶ್ವರದ ಗೋವಿಂದ ಪೈಗಳಿಗೆ ಅವನು ನೋಯುತ್ತಿರುವ ಮನುಷ್ಯ. 1930ರ ದಶಕದ ಅವರ ಖಂಡಕಾವ್ಯ ‘ಗೊಲ್ಗೊಥಾ’ದ ವಸ್ತು ಯೇಸುವಿನ ಕಡೆಯ ದಿನ. ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದವರೂ ಅವರೇ. ಪೈಗಳು ಕ್ರೈಸ್ತರಲ್ಲ, ಯಾರನ್ನೂ ಒಳತರುವ ಹಂಬಲ ಅವರಿಗಿರಲಿಲ್ಲ. ನೋವಿನ ಮುಂದೆ ಕವಿಯಾಗಿ ನಿಂತರು, ಅಷ್ಟೆ. ಕನ್ನಡದಲ್ಲಿ ಶಿಲುಬೆಯನ್ನು ಕುರಿತು ಬಂದ ಬರಹಗಳಲ್ಲಿ ಇದಕ್ಕೆ ಸಾಟಿಯಾದದ್ದು ಇಲ್ಲ.

ಕಾಲ್ಸಿಡನ್ನಿನ ಎರಡು ಸ್ವಭಾವಗಳ ಪೈಕಿ ಒಂದನ್ನು ಮಿಷನರಿಯೂ ಇನ್ನೊಂದನ್ನು ರಾಷ್ಟ್ರಕವಿಯೂ ಒತ್ತಿ ಹೇಳಿದ್ದರಿಂದ, ಇವರಿಬ್ಬರನ್ನೂ ಒಟ್ಟಿಗೆ ಓದಿದವರಿಗಷ್ಟೇ ಕ್ರೈಸ್ತರ ಮಾತಿನ ಪೂರ್ತಿ ಭಾರ ತಿಳಿದೀತು. ಪಠ್ಯಪಟ್ಟಿಗಳು ಮಾತ್ರ ಪೈಗಳನ್ನು ಒಂದು ಕಡೆಗೂ ಕಿಟ್ಟೆಲನನ್ನು ನಿಘಂಟಿನ ಕಪಾಟಿಗೂ ಸೇರಿಸಿ ಸುಮ್ಮನಾಗುತ್ತವೆ. ಬಳ್ಳಾರಿ ಸೀಮೆಯದೇ ಆದ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ಬಳ್ಳಾರಿಯಲ್ಲೂ ಒಂದು ವಿಶ್ವವಿದ್ಯಾಲಯವಿದೆ. ಹ್ಯಾಂಡ್ಸ್ ಮತ್ತು ರೀವ್‌ರ ಬೈಬಲ್, ‘ಕಥಾಮಾಲೆ’, ‘ಯಜ್ಞಸುಧಾನಿಧಿ’, ‘ಗೊಲ್ಗೊಥಾ’ಗಳನ್ನು ಒಂದೇ ತರಗತಿಯಲ್ಲಿ ಓದಿಸುವ ಕೆಲಸವನ್ನು ಅವು ಕೈಗೆತ್ತಿಕೊಳ್ಳಲಿ.