ನಿಮಗಿದು ಗೊತ್ತೆ? ಸಿಂಹವಲ್ಲ, ಶರಭ!

ಪೀಣ್ಯದ ಕಾರ್ಖಾನೆಗಾಗಲಿ, ವೈಟ್‌ಫೀಲ್ಡ್‌ನ ಕಂಪನಿಗಾಗಲಿ ರಾಜ್ಯ ಸರ್ಕಾರದ ಪತ್ರ ಬಂದರೆ ಮೇಲ್ಗಡೆ ಕರ್ನಾಟಕದ ಲಾಂಛನ ಇರುತ್ತದೆ. ಕೆಂಪು ಗುರಾಣಿಯಲ್ಲಿರುವ ಎರಡು ತಲೆಯ ಬಿಳಿ ಹಕ್ಕಿ ಗಂಡಭೇರುಂಡ. ಇದು ಮೈಸೂರು ಅರಸರಿಂದ ಬಂದ ಗುರುತು, ಆದರೆ ಅವರಿಗಿಂತಲೂ ಹಳೆಯದು: ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಸ್ತಂಭ ಇಂದಿಗೂ ನಿಂತಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲೂ ಈ ಹಕ್ಕಿಯುಂಟು.

ಗುರಾಣಿಯ ಅಕ್ಕಪಕ್ಕ ನಿಂತ ಪ್ರಾಣಿಗಳನ್ನು ಸಿಂಹವೆಂದುಕೊಂಡಿದ್ದೀರಾ? ಸೊಂಡಿಲು ನೋಡಿ! ಆನೆಯ ತಲೆ, ಸಿಂಹದ ಮೈ. ಅದು ಶರಭ, ಗಜಕೇಸರಿ ಎಂದೂ ಕರೆಯುತ್ತಾರೆ. ಜಾಣ್ಮೆಗೂ ಧೈರ್ಯಕ್ಕೂ ಸಂಕೇತ. ಪೀಣ್ಯಕ್ಕೆ ಹೋಗುವ ದಾರಿಯಲ್ಲೇ, ಯಶವಂತಪುರದಲ್ಲಿ ತಯಾರಾಗುವ ಮೈಸೂರು ಸ್ಯಾಂಡಲ್ ಸೋಪಿನ ಗುರುತೂ ಇದೇ ಶರಭ. ಪೊಟ್ಟಣ ಎಸೆಯುವ ಮುನ್ನ ಒಮ್ಮೆ ನೋಡಿ.